ಐನ್‌ಮನೆಯ ಹಳೇ ಒಡಿಕತ್ತಿ: ಗೋಡೆಗೋ, ಬಾಳೆಗೋ?

ಕಿಗ್ಗಟ್ಟುನಾಡು
ಬರುವ ತಿಂಗಳು ದೊಡ್ಡಪ್ಪನ ಮಗನ ಮದುವೆ. ಪಾತ್ರೆ ಇಳಿಸಲು ಹೋದಾಗ ನಮ್ಮ ಮನೆತನದ ಮೂಲಮನೆ, ಅಂದರೆ ಐನ್‌ಮನೆಯ ಅಟ್ಟದಲ್ಲಿ ಗೋಣಿ ಸುತ್ತಿಟ್ಟ ಒಡಿಕತ್ತಿಯೊಂದು (ಕೊಡಗಿನ ಯುದ್ಧದ ಕತ್ತಿ) ಸಿಕ್ಕಿತು. ಅಲಗಿನ ತುಂಬ ತುಕ್ಕು, ಕೊಂಬಿನ ಹಿಡಿಯಲ್ಲಿ ಸಣ್ಣ ಬಿರುಕು, ಕತ್ತಿ ಸಿಕ್ಕಿಸಿಕೊಳ್ಳುವ ಹಿತ್ತಾಳೆಯ ತೊಡಂಗ್ ಇಲ್ಲವೇ ಇಲ್ಲ. ಮನೆಯಲ್ಲಿ ಈಗ ಎರಡು ಪಕ್ಷ. ಹುಡುಗನ ಅಕ್ಕಂದಿರು "ಫೋಟೋಕ್ಕೆ ಚೆಂದ ಕಾಣಬೇಕು, ಅಂಗಡಿಯಿಂದ ಹೊಸದು ತನ್ನಿ, ಇದಕ್ಕೆ ಪಾಲಿಶ್ ಹೊಡೆಸಿ ಗೋಡೆಗೆ ನೇತುಹಾಕಿ" ಅಂತಾರೆ. ಹುಡುಗನ ಸೋದರಮಾವ ಮಾತ್ರ "ಬಾಳೆ ಕಡಿಯುವವ ನಾನು, ನನಗೆ ಆ ಕತ್ತಿಯೇ ಬೇಕು" ಅಂತ ಕೂತಿದ್ದಾರೆ. ತುಕ್ಕು ತೆಗೆದು ಇದನ್ನು ಬಳಸಬಹುದಾ? ಎಷ್ಟು ಹಳೆಯದು ಅಂತ ತಿಳಿಯುವ ದಾರಿ ಏನಾದರೂ ಉಂಟಾ? ಒಡಿಕತ್ತಿಯ ಹಿಂದಿನ ಕತೆ ಬಲ್ಲವರು ಹೇಳಿ. ಬೆಂಗಳೂರಲ್ಲಿ ಬೆಳೆದ ನನಗೆ ಕಾರಿನ ಹಿಂದಿನ ಗಾಜಿನ ಸ್ಟಿಕ್ಕರ್‌ನಲ್ಲಿ ಕಂಡಿದ್ದೇ ಹೆಚ್ಚು.

ಮೂರ್ನಾಡು ಮಾವ
ಸೋದರಮಾವನ ಪಕ್ಷಕ್ಕೆ ನನ್ನ ಓಟು. ಮದುವೆಯಲ್ಲಿ ಬಾಳೆ ದಿಂಡು ಕಡಿಯುವ ಶಾಸ್ತ್ರ, ನಮ್ಮ ಬಾಳೆ ಬಿರ್ದ್, ಅಂದರೆ ಫೋಟೋಕ್ಕೆ ನಿಲ್ಲುವ ಕೆಲಸ ಅಲ್ಲ ತಮ್ಮಾ. ಮೇಲೆ ಹೂ ಸಿಕ್ಕಿಸಿ ನೆಟ್ಟ ಬಾಳೆ ದಿಂಡಿನ ಮುಂದೆ ನಿಂತು, ದೇವರನ್ನೂ ಮನೆತನದ ಮೂಲಪುರುಷ ಗುರುಕಾರೋಣನನ್ನೂ ನೆನೆದು, ಸೇರಿದ ಜನಕ್ಕೆ ಕೈಮುಗಿದು ಅಪ್ಪಣೆ ಕೇಳಿ, ಒಂದೊಂದು ದಿಂಡನ್ನು ಒಂದೊಂದೇ ಏಟಿಗೆ ಉರುಳಿಸಬೇಕು. ಸೋದರಮಾವನಂಥ ಹತ್ತಿರದವರಿಗೆ ಸಿಗುವ ಮರ್ಯಾದೆ ಅದು. ಯಾರು ಮೊದಲು, ಯಾವ ಕಡೆಯವರು ಎಷ್ಟು ಕಡಿಯುವುದು ಅನ್ನುವುದು ನಾಡಿಂದ ನಾಡಿಗೆ, ಒಕ್ಕದಿಂದ ಒಕ್ಕಕ್ಕೆ (ಮನೆತನದಿಂದ ಮನೆತನಕ್ಕೆ) ಬೇರೆ. ಅದನ್ನು ನಿಮ್ಮ ಒಕ್ಕದ ಹಿರಿಯ, ಪಟ್ಟೆದಾರರನ್ನೇ ಕೇಳಿಕೊಳ್ಳಿ.

ಎರಡನೇ ಏಟು ಹಾಕಬೇಕಾಗಿ ಬಂದರೆ ಯಾರೂ ಎದುರಿಗೆ ಏನೂ ಅನ್ನುವುದಿಲ್ಲ. ಊಟದ ಪಂಕ್ತಿಯಲ್ಲಿ ಅನ್ನುತ್ತಾರೆ. ಹತ್ತು ವರ್ಷ ಅನ್ನುತ್ತಾರೆ.

ಈಗ ಅಂಗಡಿಯಲ್ಲಿ ಸಿಗುವ ಹಲವು ಕತ್ತಿಗಳಿಗೆ ಹರಿತವಾದ ಬಾಯಿಯೇ ಇರುವುದಿಲ್ಲ. ತಗಡನ್ನು ಆಕಾರಕ್ಕೆ ಕತ್ತರಿಸಿ ಹೊಳಪು ಕೊಟ್ಟಿರುತ್ತಾರೆ. ಹೋದ ವರ್ಷ ನಮ್ಮ ಕಡೆಯ ಒಂದು ಮದುವೆಯಲ್ಲಿ ಅಂಥದ್ದೇ ಕತ್ತಿ ದಿಂಡಿನ ಅರ್ಧಕ್ಕೆ ಹೋಗಿ ಸಿಕ್ಕಿಕೊಂಡಿತು. ಎಳೆದರೆ ಹಿಡಿ ಒಂದು ಕಡೆ, ಅಲಗು ಒಂದು ಕಡೆ. ವಾಲಗದವರು ಒಂದು ಕ್ಷಣ ನಿಲ್ಲಿಸಿಯೇಬಿಟ್ಟರು.

ಹಳೇಕಬ್ಬಿಣ
ಆಯುಧದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಒಡಿಕತ್ತಿಯನ್ನೂ ಪೀಚೆಕತ್ತಿಯನ್ನೂ ಜನ ಬೆರೆಸಿಬಿಡುತ್ತಾರೆ.

ಪೀಚೆಕತ್ತಿ ಚಿಕ್ಕದು. ಮುಂದೆ, ಸೊಂಟಕ್ಕೆ ಸುತ್ತುವ ಚೇಲೆಯ ಮಡಿಕೆಯಲ್ಲಿ ಸಿಕ್ಕಿಸುವುದು. ಮರದ ಒರೆ, ಅದರ ಮೇಲೆ ಬೆಳ್ಳಿ ಅಥವಾ ಚಿನ್ನದ ತಗಡಿನ ಕೆಲಸ. ಒರೆಗೆ ಬೆಳ್ಳಿ ಸರಪಳಿ, ಹಳೆಯವುಗಳಲ್ಲಿ ಆ ಸರಪಳಿಯ ತುದಿಗೆ ಚಿಮಟ, ಕಿವಿ ಗುಗ್ಗೆ ತೆಗೆಯುವ ಕಡ್ಡಿ, ಉಗುರು ಸ್ವಚ್ಛ ಮಾಡುವ ಕಡ್ಡಿ ಎಲ್ಲ ಜೋತಾಡುತ್ತವೆ. ವೀರನ ವೇಷದಲ್ಲಿ ಕಿವಿಕಡ್ಡಿ ಇರುವುದು ನನಗೆ ಬಹಳ ಇಷ್ಟ.

ಒಡಿಕತ್ತಿ ಬೇರೆಯೇ ಜಾತಿ. ಅಲಗು ಒಂದೂಕಾಲರಿಂದ ಒಂದೂವರೆ ಅಡಿ ಆಸುಪಾಸು. ಹಿಡಿಯ ಹತ್ತಿರ ಕಿರಿದು, ತುದಿಯ ಕಡೆಗೆ ಹೋಗುತ್ತ ಅಗಲವಾಗಿ ಮುಂದಕ್ಕೆ ಬಾಗುತ್ತದೆ. ಬಾಯಿ ಇರುವುದು ಒಳಬಾಗಿನಲ್ಲಿ, ಹೊರಬಾಗು ದಪ್ಪ ಬೆನ್ನು. ಸಿನಿಮಾದ ಖಡ್ಗಗಳಿಗೆ ಬಾಯಿ ಹೊರಬಾಗಿನಲ್ಲಿರುತ್ತದಲ್ಲ, ಇದು ಅದರ ತಿರುವುಮುರುವು. ತೂಕವೆಲ್ಲ ತುದಿಯಲ್ಲಿ ಕೂತಿರುವುದರಿಂದ ಏಟು ತಾನಾಗಿಯೇ ಮುಂದಕ್ಕೆ ಬೀಳುತ್ತದೆ. ಒಳಬಾಗು ಕಡಿದದ್ದನ್ನು ಜಾರಲು ಬಿಡುವುದಿಲ್ಲ. ಚುಚ್ಚಲಿಕ್ಕೆ, ಕತ್ತಿವರಸೆ ಆಡಲಿಕ್ಕೆ ಇದು ಹೇಳಿ ಮಾಡಿಸಿದ್ದಲ್ಲ. ಪೊದೆ ಪೊದೆಯಾಗಿ ಬೆಳೆದ ಕಾಡಿನಲ್ಲಿ, ಕಡಂಗದ (ಯುದ್ಧದ ಕಂದಕ) ಅಂಚಿನಲ್ಲಿ, ಕೈಯಳತೆಯಲ್ಲಿ ಎದುರಾದವನ ಮೇಲೆ ಒಂದೇ ಏಟು. ಬೀಸಲು ಜಾಗವೇ ಇಲ್ಲದ ಕಡೆ ಮೂರಡಿ ಖಡ್ಗ ಹಿಡಿದು ಏನು ಮಾಡುವುದು?

ಇದಕ್ಕೆ ಒರೆ ಇಲ್ಲ. ಬೆತ್ತಲೆ ಅಲಗನ್ನು ಸೊಂಟದ ಹಿಂದೆ ಹಿತ್ತಾಳೆಯ ತೊಡಂಗಿನಲ್ಲಿ ಸಿಕ್ಕಿಸಿಕೊಳ್ಳುವುದು. ಎರಡು ಕೈಯಲ್ಲೂ ಕೋವಿ ಹಿಡಿದು ಗುಡ್ಡ ಹತ್ತುವಾಗ ಕತ್ತಿ ಕಾಲಿಗೆ ತೊಡರುವುದಿಲ್ಲ, ಬಲಗೈ ಹಿಂದಕ್ಕೆ ಹೋದರೆ ಹಿಡಿ ಸಿಗುತ್ತದೆ. ಅದಕ್ಕೇ ಹೇಳುವುದು, ತೊಡಂಗ್ ಇಲ್ಲದ ಒಡಿಕತ್ತಿ ಅರ್ಧ ಸಾಮಾನು. ಸಾಧ್ಯವಾದರೆ ಅದೇ ಅಟ್ಟದಲ್ಲಿ ಇನ್ನೊಮ್ಮೆ ಹುಡುಕಿ. ಹಿತ್ತಾಳೆ ಕಪ್ಪಾದ ಮೇಲೆ ಯಾವುದೋ ಹಳೆ ಬೀಗದ ತುಂಡು ಅಂತ ಕಾಣುತ್ತದೆ, ಗುಜರಿಗೆ ಹೋದ ತೊಡಂಗುಗಳಿಗೆ ಲೆಕ್ಕವಿಲ್ಲ.

ವಯನಾಡ್ ಗಡಿ
ನಾನು ಕುಟ್ಟದವನು. ಹಳೇಕಬ್ಬಿಣ ಅವರು ಒಂದು ಮಾತು ಬಿಟ್ಟರು. ಈ ಕತ್ತಿ ಕೊಡಗಿನದು ಮಾತ್ರ ಅಲ್ಲ. ಗಡಿ ದಾಟಿದರೆ ಮಲಬಾರಿನಲ್ಲಿ ನಾಯರ್‌ಗಳ ಹತ್ತಿರವೂ ಮಾಪಿಳ್ಳೆಗಳ ಹತ್ತಿರವೂ ಇದೇ ಆಕಾರದ ಕತ್ತಿ ಇತ್ತು, ಅಲ್ಲಿ ಅದಕ್ಕೆ ಆಯುಧ ಕತ್ತಿ ಅಂತಾರೆ. ವಿದೇಶದ ಮ್ಯೂಸಿಯಂಗಳಲ್ಲಿ ಕೊಡಗಿನ ಕತ್ತಿಗೂ ‘ಆಯ್ದ ಕತ್ತಿ’ ಅಂತಲೇ ಚೀಟಿ ಅಂಟಿಸಿರುತ್ತಾರೆ.

ಮೂರ್ನಾಡು ಮಾವ
ಹಾಗಾದರೆ ನಾವು ಮಲಬಾರಿನಿಂದ ಎರವಲು ತಂದದ್ದು ಅಂತೀರಾ?

ವಯನಾಡ್ ಗಡಿ
ಯಾರು ಯಾರಿಂದ ತಂದರು ಅಂತ ನಾನು ಹೇಳಲಿಲ್ಲ ಮಾವ. ಪಯ್ಯಾವೂರು ಈಶ್ವರನ ಊಟ್ ಉತ್ಸವಕ್ಕೆ ಇವತ್ತಿಗೂ ಕೊಡಗಿನಿಂದ ಎತ್ತಿನ ಮೇಲೆ ಅಕ್ಕಿ ಹೋಗುತ್ತದೆ. ಗಡಿಯಾಚೆಯ ಬೈತೂರಿನ ಹಬ್ಬಕ್ಕೆ ನಮ್ಮವರು ಕುಪ್ಯ, ಅಂದರೆ ಕೊಡಗಿನ ನಿಲುವಂಗಿ, ತೊಟ್ಟೇ ಹೋಗುತ್ತಾರೆ. ದೇವರು, ಅಕ್ಕಿ, ಮೆಣಸು, ಉಪ್ಪು ಎಲ್ಲ ಈ ಘಟ್ಟ ಹತ್ತಿ ಇಳಿಯುತ್ತಿದ್ದಾಗ ಕತ್ತಿಯ ಆಕಾರವೊಂದು ಮಾತ್ರ ಗಡಿಯ ಮಾಕುಟ್ಟದ ಗೇಟಿನಲ್ಲಿ ನಿಂತುಬಿಡುತ್ತದಾ? ಒಂದೇ ಕಾಡು, ಒಂದೇ ಮಳೆ, ಒಂದೇ ಥರದ ಜಗಳ. ಕತ್ತಿಯೂ ಒಂದೇ ಥರ.

ಹಳೇಕಬ್ಬಿಣ
ಇದು ಸರಿ. ಒಡಿಕತ್ತಿಯ ಹೆಚ್ಚುಗಾರಿಕೆ ಅದು ಎಲ್ಲಿ ಹುಟ್ಟಿತು ಅನ್ನುವುದರಲ್ಲಿ ಇಲ್ಲ, ಎಲ್ಲಿ ಉಳಿಯಿತು ಅನ್ನುವುದರಲ್ಲಿದೆ. ಮಲಬಾರಿನಲ್ಲಿ ಅದು ಬಹುಪಾಲು ಸಂಗ್ರಹದ ವಸ್ತುವಾಯಿತು. ಇಲ್ಲಿ ಮದುವೆಗೆ ಬೇಕು, ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಬೇಕು, ಕತ್ತಿಯಾಟ್‌ಗೆ ಬೇಕು. ಕೆಲಸ ಇದ್ದದ್ದರಿಂದ ಉಳಿಯಿತು. ಅದಕ್ಕೇ ‘ಪಾಲಿಶ್ ಹೊಡೆಸಿ ಗೋಡೆಗೆ’ ಅನ್ನುವ ಸಲಹೆ ಕೇಳಿದರೆ ನನಗೆ ಕಸಿವಿಸಿ.

ವಯಸ್ಸಿನ ಪ್ರಶ್ನೆಗೆ ಉತ್ತರ: ನೋಡಿದ ಕೂಡಲೇ ಇಷ್ಟನೇ ಇಸವಿ ಅಂತ ಹೇಳುವವರನ್ನು ನಂಬಬೇಡಿ. ಬೆನ್ನಿನ ದಪ್ಪ ಹಿಡಿಯಿಂದ ತುದಿಗೆ ಹೋಗುತ್ತ ಬದಲಾಗುತ್ತಿದೆಯಾ ನೋಡಿ. ಬಡಿದು ಮಾಡಿದ ಅಲಗಿನಲ್ಲಿ ಬದಲಾಗುತ್ತದೆ, ತಗಡಿನಿಂದ ಕತ್ತರಿಸಿದ್ದರಲ್ಲಿ ಎಲ್ಲ ಕಡೆ ಒಂದೇ ಇರುತ್ತದೆ. ಅಲಗಿನ ಮೇಲೆ ಅಕ್ಷರವೋ ಮುದ್ರೆಯೋ ಏನಾದರೂ ಉಂಟಾ?

ಕಿಗ್ಗಟ್ಟುನಾಡು
ಅಕ್ಷರ ಕಾಣಲಿಲ್ಲ. ಬೆನ್ನು ಹಿಡಿಯ ಹತ್ತಿರ ನನ್ನ ಕಿರುಬೆರಳಿನಷ್ಟು ದಪ್ಪ, ತುದಿಯಲ್ಲಿ ತೀರ ತೆಳು. ಒಳಬಾಗಿನಲ್ಲಿ ಒಂದು ಕಡೆ ಸಣ್ಣ ಹಲ್ಲು ಬಿದ್ದಿದೆ. ಸಾಣೆ ಹಿಡಿದೂ ಹಿಡಿದೂ ಇರಬೇಕು, ನಡುವೆ ಅಲಗು ಸ್ವಲ್ಪ ಸವೆದಂತೆ ಕಾಣುತ್ತದೆ.

ಹಳೇಕಬ್ಬಿಣ
ಅಂದರೆ ಬಡಿದು ಮಾಡಿದ್ದು, ದುಡಿದದ್ದು ಕೂಡ. ಸಂತೋಷ.

ಕಾಫಿಹೂ
ಗಂಡಸರೆಲ್ಲ ಯುದ್ಧಕ್ಕೇ ಹೊರಟುಬಿಟ್ಟಿರಿ. ಕೈಲ್‌ಪೊಳ್ದ್‌ನ ದಿನ ಕನ್ನಿಕೊಂಬರೆ ಅನ್ನುವ ದೇವರ ಕೋಣೆಯಲ್ಲಿ ಏನೇನು ಇಡುತ್ತಾರೆ ಅಂತ ನೆನಪು ಮಾಡಿಕೊಳ್ಳಿ. ಕೋವಿ, ಒಡಿಕತ್ತಿ, ಪೀಚೆಕತ್ತಿ ಒಂದು ಕಡೆ. ನೇಗಿಲು, ನೊಗಕ್ಕೂ ಅದೇ ದಿನ ಬಿಡುವು, ಎತ್ತಿಗೂ ಬಿಡುವು. ಕಕ್ಕಡ ತಿಂಗಳು ಪೂರ್ತಿ ಗದ್ದೆಯ ಕೆಸರಿನಲ್ಲಿ ಕಳೆದು, ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಶುರುವಿನ ಹೊತ್ತಿಗೆ ಬರುವ ಹಬ್ಬ ಇದು. ಅಷ್ಟು ದಿನ ಮೂಲೆಯಲ್ಲಿದ್ದ ಆಯುಧ ಅಂದು ಎಣ್ಣೆ ಕಾಣುತ್ತದೆ. ತುಕ್ಕು ಹಿಡಿಯುವ ಕಾಲ ಯಾವುದು? ನಮ್ಮ ಜೂನ್, ಜುಲೈ, ಆಗಸ್ಟ್. ಗೋಡೆಯಲ್ಲೇ ಬೂಷ್ಟು ಬರುವಾಗ ಕಬ್ಬಿಣ ಸುಮ್ಮನಿರುತ್ತದಾ? ಮಳೆಗಾಲದ ಕೊನೆಗೆ ಮನೆಯ ಆಯುಧವನ್ನೆಲ್ಲ ಹೊರಗೆ ತೆಗೆದು, ಒರೆಸಿ, ಎಣ್ಣೆ ಸವರಿ ಇಡಬೇಕು ಅನ್ನುವುದನ್ನು ಹಿರಿಯರು ಹಬ್ಬ ಮಾಡಿ ಇಟ್ಟರು ಅಂತ ನನ್ನ ಅನಿಸಿಕೆ. ನಿಮ್ಮ ಐನ್‌ಮನೆಯ ಕತ್ತಿ ಅಟ್ಟ ಸೇರಿ ಎಷ್ಟು ಕೈಲ್‌ಪೊಳ್ದ್ ತಪ್ಪಿಸಿಕೊಂಡಿದೆಯೋ ಏನೋ.

ನಮ್ಮ ಮನೆಯಲ್ಲಿ ಅಜ್ಜ ಇದ್ದಾಗ ಕೋವಿಯ ಬಾಯಿಗೆ ತೋಕ್‌ಪೂ ಸಿಕ್ಕಿಸುವ ಕೆಲಸ ಮಕ್ಕಳದು. ಬೇಲಿಸಾಲಿನಲ್ಲಿ ಕೆಂಪು ಹಳದಿ ಬೆಂಕಿಯ ಹಾಗೆ ಅರಳುತ್ತದಲ್ಲ, ಅದೇ ಹೂ. ಗೆಡ್ಡೆ ವಿಷ, ಕಿತ್ತ ಕೈಯನ್ನು ಬಾಯಿಗೆ ಹಾಕಬೇಡಿ ಅಂತ ಅವ್ವ ಹಿಂದೆಯೇ ಕೂಗಿಕೊಂಡು ಬರುತ್ತಿದ್ದರು. ಗಂಧ ಹಚ್ಚಿ, ನೆಲ್ಲಕ್ಕಿ ಬೊಳ್ಚ, ಅಂದರೆ ನಡುಮನೆಯ ದೇವರ ದೀಪದ ಮುಂದೆ ಎಲ್ಲರೂ ನಿಂತ ಮೇಲೆ ಅಜ್ಜ ಒಬ್ಬೊಬ್ಬರ ಕೈಗೆ ಕೊಡುವುದು. ಕಡಂಬುಟ್ಟು, ಪಂದಿಕರಿಯ ಊಟ ಆಮೇಲೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ ಈಗ ಹೆಂಗಸರೂ ಇರುತ್ತೇವೆ, ಗೆಲ್ಲುತ್ತೇವೆ ಕೂಡ. ಬಾಳೆ ಕಡಿಯಲು ಮಾತ್ರ ಇನ್ನೂ ಯಾರೂ ಕರೆದಿಲ್ಲ!

ಮೂರ್ನಾಡು ಮಾವ
ಕರೆದರೆ ಬರುತ್ತೀಯಾ ಮಗಳೇ?

ಕಾಫಿಹೂ
ದಿನಾ ತೋಟದಲ್ಲಿ ಬಾಳೆ ಕಡಿಯುವುದು ಯಾರು ಅಂದುಕೊಂಡಿರಿ ಮಾವ?

ಸುಳ್ಯದಾಚೆ
ಇತಿಹಾಸ ಅಂತ ಕೇಳಿದ್ದಕ್ಕೆ ಹೇಳುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ. ಒಡಿಕತ್ತಿಯ ಚಿತ್ರ ಅಚ್ಚಾದ ಹಳೆಯ ವಸ್ತುಗಳಲ್ಲಿ ಹೆಸರುವಾಸಿಯಾದದ್ದು 1837ರ ಪದಕ. ಕಂಪನಿ ಸರ್ಕಾರ ಚಿನ್ನದಲ್ಲೂ ಬೆಳ್ಳಿಯಲ್ಲೂ ಹೊಡೆಸಿದ್ದು. ಒಂದು ಮುಖದಲ್ಲಿ ಎಡಗೈಯಲ್ಲಿ ಕೋವಿ ಹಿಡಿದು ಬಲಗೈಯಲ್ಲಿ ಕತ್ತಿ ಎತ್ತಿ ನಿಂತ ಕೊಡಗಿನ ವೀರ, ಸುತ್ತ ಕನ್ನಡ ಅಕ್ಷರ. ಇನ್ನೊಂದು ಮುಖದಲ್ಲಿ ಕತ್ತಿಯೂ ಪಟ್ಟಿಯೂ, ಜೊತೆಗೆ ನಿಷ್ಠೆಯನ್ನು ಹೊಗಳಿದ ಇಂಗ್ಲಿಷ್ ಬರಹ. ನೋಡಲು ಚೆಂದ. ಆದರೆ ಯಾವ ನಿಷ್ಠೆಗೆ ಕೊಟ್ಟದ್ದು ಅದು? ಅಮರಸುಳ್ಯದ ದಂಗೆಯನ್ನು ಅಡಗಿಸಿದ್ದಕ್ಕೆ.

1834ರಲ್ಲಿ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿದ ಮೇಲೆ ಕಂಪನಿ ಅಮರಸುಳ್ಯ, ಪುತ್ತೂರು ಸೀಮೆಯನ್ನು ಕೊಡಗಿನಿಂದ ಕಿತ್ತು ಕೆನರಾಕ್ಕೆ ಸೇರಿಸಿತು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಿ ಅಂದಿತು. ರೈತನ ಕೈಯಲ್ಲಿ ನಗದು ಎಲ್ಲಿತ್ತು? 1837ರ ಏಪ್ರಿಲ್‌ನಲ್ಲಿ ಕೆದಂಬಾಡಿ ರಾಮಯ್ಯ ಗೌಡರ ದಂಡು ಸುಳ್ಯದಿಂದ ಹೊರಟು ಮಂಗಳೂರನ್ನೇ ಹಿಡಿಯಿತು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಅವರ ಕಡೆಯವರ ಸೊಂಟದಲ್ಲೂ ಕತ್ತಿ ಇತ್ತು. ಆ ಕತ್ತಿಯ ಚಿತ್ರ ಯಾವ ಪದಕದಲ್ಲೂ ಬರಲಿಲ್ಲ.

ಇನ್ನೊಂದು. ಕುಪ್ಪಸ ದಟ್ಟಿಯ ಉಡುಪು, ಪೀಚೆಕತ್ತಿ ನಮ್ಮ ಅರೆಭಾಷೆ ಗೌಡರ ಮದುವೆಯಲ್ಲೂ ಉಂಟು. ಐರಿ, ಹೆಗ್ಗಡೆ, ಅಮ್ಮಕೊಡವ ಸಮುದಾಯಗಳಲ್ಲೂ ಉಂಟು. ಕತ್ತಿ ಒಬ್ಬರದೇ ಅಂತ ಬರೆಯುವುದನ್ನು ನೋಡಿ ನೋಡಿ ಸಾಕಾಗಿದೆ.

ಮೂರ್ನಾಡು ಮಾವ
ಪದಕ ಪಡೆದವರನ್ನೆಲ್ಲ ದ್ರೋಹಿಗಳು ಅಂತ ಒಂದೇ ಗೀಟು ಎಳೆಯಲೂ ಆಗುವುದಿಲ್ಲ ಗೌಡ್ರೇ. ಕೊನೆಯ ಅರಸನ ಕಾಲದಲ್ಲಿ ಎಷ್ಟು ಮನೆಗಳಲ್ಲಿ ಸಾವಾಗಿತ್ತು ಅನ್ನುವ ನೆನಪೂ ಒಕ್ಕಗಳಲ್ಲಿ ಉಂಟಲ್ಲ. ಅರಸನ ಹೆಸರು ಹೇಳಿಕೊಂಡು ದಂಗೆ ಎದ್ದಾಗ ಕೆಲವರಿಗೆ ಆ ಭಯವೇ ಮುಂದೆ ಬಂದಿರಬೇಕು.

ಸುಳ್ಯದಾಚೆ
ದ್ರೋಹಿ ಅನ್ನುವ ಮಾತನ್ನು ನಾನು ಆಡಲಿಲ್ಲ ಮಾವ. ಅಂದಿನವರಿಗೆ ಅಂದಿನ ಲೆಕ್ಕ. ಇಂದು ನಾವು ಆ ಪದಕದ ಚಿತ್ರ ಹಾಕಿ ‘ನಮ್ಮ ಶೌರ್ಯ’ ಅಂತ ಬರೆಯುವಾಗ ಅದು ಯಾರ ಮೇಲೆ ಎತ್ತಿದ ಕತ್ತಿ ಅನ್ನುವುದನ್ನೂ ಒಂದು ಸಾಲು ಬರೆಯಬೇಕು. ಅಷ್ಟೇ ನನ್ನ ತಕರಾರು.

ಹಳೇಕಬ್ಬಿಣ
ಒಪ್ಪುತ್ತೇನೆ. ಇನ್ನೊಂದು ಗಮನಿಸಿ, ಪದಕದ ವೀರನ ಕೈಯಲ್ಲಿ ಕೋವಿಯೂ ಇದೆ. ಒಡಿಕತ್ತಿ ಮಾತ್ರ ಹಿಡಿದು ಹೋರಾಡಿದ ಕಾಲ ಆಗಲೇ ದಾಟಿತ್ತು. ಕೊಡಗನ್ನು ಆಳಿದ ಹಾಲೇರಿ ಅರಸರಿಗೂ ಹೈದರ್, ಟಿಪ್ಪುವಿಗೂ ನಡೆದ ಕಾಳಗಗಳಲ್ಲೇ ಕೋವಿ ಮುಖ್ಯವಾಗಿತ್ತು; ಗುಂಡು ಹೊಡೆದು, ಮತ್ತೆ ಮದ್ದು ತುಂಬಲು ಸಮಯ ಸಿಗದಿದ್ದಾಗ ಕತ್ತಿಗೆ ಕೈ ಹೋಗುತ್ತಿತ್ತು. ಬೆನ್ನ ಹಿಂದಿನ ಜಾಗ ಅದಕ್ಕೆ ಹೇಳಿ ಮಾಡಿಸಿದ್ದು.

ಕಿಗ್ಗಟ್ಟುನಾಡು
ಇಷ್ಟೆಲ್ಲ ಗೊತ್ತೇ ಇರಲಿಲ್ಲ. ಈಗ ಒಂದು ಹೆದರಿಕೆಯ ಪ್ರಶ್ನೆ. ಇದನ್ನು ಇಟ್ಟುಕೊಳ್ಳಲು ಲೈಸೆನ್ಸ್ ಬೇಕಾ? ಕೊಡಗಿನವರಿಗೆ ವಿನಾಯಿತಿ ಉಂಟು ಅಂತಾರೆ. ಬೆಂಗಳೂರಿಗೆ ಕಾರಿನಲ್ಲಿ ತರುವಾಗ ಪೊಲೀಸರು ಹಿಡಿದರೆ?

ವಕೀಲರ ಚಾವಡಿ
ಎರಡು ಬೇರೆ ವಿಷಯ.

ವಿನಾಯಿತಿಯ ಗಲಾಟೆ ಮುಖ್ಯವಾಗಿ ಕೋವಿಯದು. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರನ್ನು ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ಹೊರಗಿಟ್ಟರು. ಸ್ವಾತಂತ್ರ್ಯದ ನಂತರ 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಸೆಕ್ಷನ್ ಅಡಿಯಲ್ಲಿ ಅದು ಮುಂದುವರಿಯಿತು. ಕೊಡವರಿಗೆ ಮಾತ್ರ ಅಲ್ಲ, ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಅನ್ವಯ. ಇದನ್ನು ಮರೆಯುವವರು ಬಹಳ. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಇಲಾಖೆ ಅದನ್ನು 2029ರ ಅಕ್ಟೋಬರ್ ತನಕ ವಿಸ್ತರಿಸಿತು. ಪ್ರಶ್ನಿಸಿ ಹೈಕೋರ್ಟಿಗೆ ಹೋದ ಅರ್ಜಿ 2021ರ ಸೆಪ್ಟೆಂಬರ್‌ನಲ್ಲಿ ಬಿದ್ದುಹೋಯಿತು.

ಕತ್ತಿಯ ವಿಷಯ ಬೇರೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದು, ಮನೆಬಳಕೆಗೋ ಕೃಷಿಗೋ ಮಾಡಿದ್ದಲ್ಲದಿದ್ದರೆ ನಿಯಮಗಳ ಪ್ರಕಾರ ಅದು ಆಯುಧವೇ. ಒಡಿಕತ್ತಿ ಎರಡು ಅಳತೆಗೂ ಸಿಗುತ್ತದೆ. ಆದರೆ ಇಂಥ ಆಯುಧಕ್ಕೆ ಲೈಸೆನ್ಸ್ ಬೇಕಾಗುವುದು 4ನೇ ಸೆಕ್ಷನ್ ಪ್ರಕಾರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ. ಮನೆಯಲ್ಲಿಟ್ಟು ಪೂಜೆ ಮಾಡುವುದು, ಮದುವೆಯಲ್ಲಿ ತೊಡುವುದು ಒಂದು. ಪೇಟೆಯಲ್ಲಿ ಬೀಸಿಕೊಂಡು ಓಡಾಡುವುದು, ರೀಲ್ಸ್ ಮಾಡಿ ಯಾರನ್ನೋ ಹೆದರಿಸುವುದು ಇನ್ನೊಂದು. ಎರಡನೆಯದಕ್ಕೆ ಬೇರೆ ಸೆಕ್ಷನ್‌ಗಳು ಕಾಯುತ್ತಿರುತ್ತವೆ. ಕಾರಿನಲ್ಲಿ ತರುವುದಾದರೆ ಬಟ್ಟೆ ಸುತ್ತಿ ಡಿಕ್ಕಿಯಲ್ಲಿಡಿ, ಮದುವೆಯ ಕರೆಯೋಲೆ ಜೊತೆಗಿರಲಿ. ಚುನಾವಣೆ ಘೋಷಣೆಯಾದ ಕಾಲದಲ್ಲಿ, ಊರಿನಲ್ಲಿ ನಿಷೇಧಾಜ್ಞೆ ಇದ್ದಾಗ ಹೊರಗೆ ತೆಗೆಯಲೇಬೇಡಿ. ವಿಮಾನದಲ್ಲಿ ಕೈಚೀಲಕ್ಕೆ ಹಾಕಿಕೊಂಡು ಹೋದರೆ ದೇವರೇ ಗತಿ.

ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದದ್ದು ದಂತದ ವಿಚಾರ. ಮನೆಯಲ್ಲಿ ಹಳೇ ಪೀಚೆಕತ್ತಿ ಉಂಟಾ? ಹಿಡಿ ಯಾವುದರದು?

ಕಿಗ್ಗಟ್ಟುನಾಡು
ಪೀಚೆಕತ್ತಿ ದೊಡ್ಡಪ್ಪನ ಹತ್ತಿರ ಉಂಟು. ಹಿಡಿ ಬೆಳ್ಳಗೆ, ಸ್ವಲ್ಪ ಹಳದಿ ತಿರುಗಿದೆ. ಮೂಳೆ ಅಂದುಕೊಂಡಿದ್ದೆ.

ವಕೀಲರ ಚಾವಡಿ
ಗೊತ್ತಿದ್ದವರಿಗೆ ತೋರಿಸಿ. ಕೆನೆಬಣ್ಣದ ಮೈಯಲ್ಲಿ ಒಂದನ್ನೊಂದು ಹಾಯುವ ಬಲೆಯಂಥ ಸಣ್ಣ ಗೆರೆ ಕಂಡರೆ ದಂತ. ಸಣ್ಣ ಸಣ್ಣ ಕಪ್ಪು ಚುಕ್ಕಿ, ಗೀಟು ಕಂಡರೆ ಮೂಳೆ. ದಂತವಾದರೆ ಮಾರುವ ಹಾಗಿಲ್ಲ, ಕೊಳ್ಳುವ ಹಾಗಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಂದ ತಿದ್ದುಪಡಿ 2003ರಲ್ಲಿ ಜಾರಿಯಾದ ಮೇಲೆ, ಮಾಲೀಕತ್ವದ ಪ್ರಮಾಣಪತ್ರ ಇಲ್ಲದವರ ಕೈಗೆ ಇಂಥ ವಸ್ತು ಬರಲು ಇರುವ ದಾರಿ ಪಿತ್ರಾರ್ಜಿತ ಒಂದೇ. ಹಾಗೆ ಬಂದರೂ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಕೊಡಬೇಕು. ದೊಡ್ಡಪ್ಪನ ಹತ್ತಿರ ಕಾಗದ ಇದೆಯಾ ಕೇಳಿ. ಇಲ್ಲದಿದ್ದರೆ ಅರಣ್ಯ ಇಲಾಖೆಗೆ ಹೋಗುವ ಮೊದಲು ಒಬ್ಬ ವಕೀಲರನ್ನು ಕಾಣಿ. ಹಾಗೆಯೇ ಅದರ ಫೋಟೋವನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

ಕುಲುಮೆ
ನಮ್ಮ ತಂದೆ, ಅಜ್ಜ ಕಬ್ಬಿಣದ ಕೆಲಸದವರು. ನಾನು ಈಗ ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ಕತ್ತಿಯ ಇತಿಹಾಸ ಅಂದರೆ ಹಿಡಿದವರ ಇತಿಹಾಸ ಮಾತ್ರ ಬರೆಯುತ್ತೀರಿ. ಮಾಡಿದವರು ಐರಿಗಳು. ಮರಗೆಲಸ, ಕಬ್ಬಿಣ, ಬೆಳ್ಳಿ ಬಂಗಾರ ಎಲ್ಲ ಅವರ ಕೈಯಲ್ಲಿತ್ತು. ಒಂದು ಪೀಚೆಕತ್ತಿಗೆ ಅಲಗು, ಹಿಡಿ, ಒರೆ, ಸರಪಳಿ ಅಂತ ನಾಲ್ಕು ಕಸುಬು ಬೇಕು. ಒಡಿಕತ್ತಿಗೆ ಅಷ್ಟು ಅಲಂಕಾರ ಇಲ್ಲ, ಆದರೆ ಹದ ತಪ್ಪಿದರೆ ಮುಗಿಯಿತು. ಬಾಯಿ ಗಟ್ಟಿ ಇರಬೇಕು, ಬೆನ್ನು ಮೆತ್ತಗಿರಬೇಕು. ಪೂರ್ತಿ ಗಟ್ಟಿಯಾದರೆ ಮೂಳೆಗೆ ತಾಗಿದಾಗ ಚೂರು ಹಾರುತ್ತದೆ, ಪೂರ್ತಿ ಮೆತ್ತಗಾದರೆ ಬಾಯಿ ಮಡಚುತ್ತದೆ. ಕೆಂಪಗೆ ಕಾಯಿಸಿ ಬಾಯಿಯ ಕಡೆಯನ್ನಷ್ಟೇ ನೀರು ತೋರಿಸಿ ಹದ ಹಾಕುವುದು ಕಣ್ಣಂದಾಜಿನ ಕೆಲಸ. ಬಣ್ಣ ನೋಡಿ ತೆಗೆಯಬೇಕು, ಅದಕ್ಕೇ ಕುಲುಮೆ ಕತ್ತಲಲ್ಲಿರುವುದು.

ತಮ್ಮಾ, ನಿಮ್ಮ ಕತ್ತಿಯ ವಿಷಯಕ್ಕೆ ಬರುತ್ತೇನೆ. ಗ್ರೈಂಡರ್ ಹತ್ತಿರ ಮಾತ್ರ ಒಯ್ಯಬೇಡಿ. ‘ಐದು ನಿಮಿಷದಲ್ಲಿ ಕನ್ನಡಿ ಮಾಡಿಕೊಡುತ್ತೇವೆ’ ಅನ್ನುತ್ತಾರೆ. ಕಿಡಿ ಹಾರುವಾಗ ಬಾಯಿ ಕಾದು ನೀಲಿ ತಿರುಗಿದರೆ ಹಳಬರು ಹಾಕಿದ ಹದ ಅಲ್ಲಿಗೇ ಹೋಯಿತು. ಆಮೇಲೆ ಹೊಳೆಯುತ್ತದೆ, ಕಡಿಯುವುದಿಲ್ಲ.

ಮಾಡಬೇಕಾದ್ದು: ಎರಡು ಮೂರು ದಿನ ಸೀಮೆಎಣ್ಣೆ ಬಟ್ಟೆ ಸುತ್ತಿಡಿ, ಹಿಡಿಗೆ ತಾಗದ ಹಾಗೆ. ಆಮೇಲೆ ಸಣ್ಣ ಸ್ಟೀಲ್ ವೂಲ್‌ನಲ್ಲಿ ಉದ್ದಕ್ಕೆ ತಿಕ್ಕಿ. ಅಡ್ಡಡ್ಡ ತಿಕ್ಕಿದರೆ ಗೀಟು ಉಳಿಯುತ್ತದೆ. ಕೆಂಪು ತುಕ್ಕು ಪುಡಿಯಾಗಿ ಬರುತ್ತದೆ, ಅಡಿಯಲ್ಲಿ ಕಪ್ಪು ಪದರ ಕಾಣುತ್ತದೆ. ಆ ಕಪ್ಪನ್ನು ಬಿಡಿ. ಅದು ಕಬ್ಬಿಣವನ್ನು ಕಾಯುತ್ತದೆ. ಬಾಯಿಗೆ ಮಾತ್ರ ನೀರು ಹಾಕಿಕೊಂಡು ಕೈಸಾಣೆ ಹಿಡಿಯಿರಿ. ಆ ಹಲ್ಲು ತೆಗೆಯಲು ಹೋಗಬೇಡಿ, ಅದಕ್ಕಾಗಿ ಇಡೀ ಬಾಯಿ ಸವೆಸಬೇಕಾಗುತ್ತದೆ. ಕೊನೆಗೆ ಮೆಷಿನ್ ಎಣ್ಣೆ. ತೆಂಗಿನೆಣ್ಣೆ ಬೇಡ, ಅಟ್ಟದಲ್ಲಿ ಅಂಟಾಗಿ ಧೂಳು ಹಿಡಿಯುತ್ತದೆ.

ಹಿಡಿಯ ಬಿರುಕು ಮುಖ್ಯ. ಒಂದು ಕೈಯಲ್ಲಿ ಹಿಡಿ, ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಅಲಗು ಹಿಡಿದು ಅಲ್ಲಾಡಿಸಿ. ಒಂದು ಕೂದಲೆಳೆಯಷ್ಟು ಆಡಿದರೂ ಮದುವೆಗೆ ಬಳಸಬೇಡಿ. ಬೀಸುವಾಗ ಅಲಗು ಕಳಚಿ ಹಾರಿದರೆ ಎದುರಿಗೆ ಇರುವುದು ಮುತ್ತೈದೆಯರು, ಮಕ್ಕಳು, ವಿಡಿಯೋದವ. ಒಳಗಿನ ಅರಗು ಸಡಿಲವಾಗಿದ್ದರೆ ಬಿಚ್ಚಿ ಮತ್ತೆ ಕೂರಿಸಬಹುದು, ಕೊಂಬಿನ ಹಿಡಿ ಅದೇ ಉಳಿಯುತ್ತದೆ.

ಮೂರ್ನಾಡು ಮಾವ
ಬೆಲೆಬಾಳುವ ಮಾತು. ಕಡಿಯುವ ಕ್ರಮವನ್ನೂ ಸೇರಿಸುತ್ತೇನೆ, ಸೋದರಮಾವನಿಗೆ ಓದಿ ಹೇಳು. ಬಾಳೆ ದಿಂಡು ನೀರು ತುಂಬಿದ ಪದರ ಪದರ. ನೇರ ಅಡ್ಡಕ್ಕೆ ಹೊಡೆದರೆ ಕತ್ತಿಯನ್ನು ಹಿಡಿದುಕೊಳ್ಳುತ್ತದೆ. ಓರೆಯಾಗಿ ಮೇಲಿನಿಂದ ಕೆಳಕ್ಕೆ ಬರಬೇಕು, ಏಟಿನ ಕೊನೆಗೆ ಕೈ ಸ್ವಲ್ಪ ತನ್ನ ಕಡೆಗೆ ಎಳೆದುಕೊಳ್ಳಬೇಕು. ಬಲ ಹಾಕಬಾರದು, ತುದಿಯ ತೂಕಕ್ಕೆ ಬಿಡಬೇಕು. ಹಿಂದಿನ ದಿನ ತೋಟದಲ್ಲಿ ಒಂದೆರಡು ದಿಂಡಿನ ಮೇಲೆ ಕೈ ನೋಡಿಕೊಳ್ಳಲಿ, ನಾಚಿಕೆ ಬೇಡ. ಎಷ್ಟೋ ಹಿರಿಯರು ಗುಟ್ಟಾಗಿ ಮಾಡುತ್ತಿದ್ದರು.

ಕಡಿದ ಕೂಡಲೇ ಅಲಗನ್ನು ಒದ್ದೆ ಬಟ್ಟೆಯಲ್ಲಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಬೇಕು. ಬಾಳೆಯ ಸೊನೆ ಕಬ್ಬಿಣವನ್ನು ಅರ್ಧ ಗಂಟೆಯಲ್ಲಿ ಕಪ್ಪು ಮಾಡುತ್ತದೆ.

ಕಾಫಿಹೂ
ಕತ್ತಿ ಮಾತ್ರ ಅಲ್ಲ ಮಾವ! ಮದುಮಗ ಬಿಳಿ ಕುಪ್ಯ ತೊಟ್ಟು ದಿಂಡಿನ ಪಕ್ಕದಲ್ಲೇ ನಿಂತಿರುತ್ತಾನೆ. ಬಾಳೆ ಸೊನೆಯ ಕಲೆ ಜನ್ಮದಲ್ಲಿ ಹೋಗುವುದಿಲ್ಲ. ನಮ್ಮ ಅಣ್ಣನ ಬಾಡಿಗೆ ಕುಪ್ಯವನ್ನು ಕೊನೆಗೆ ನಾವೇ ಕೊಂಡುಕೊಳ್ಳಬೇಕಾಯಿತು. ಎರಡು ಮಾರು ದೂರ ನಿಲ್ಲಲು ಹೇಳಿ. ಹುಡುಗನ ಅಕ್ಕಂದಿರಿಗೆ ಫೋಟೋ ಬೇಕಲ್ಲ, ಕಪ್ಪು ತಿರುಗಿದ ಹಳೇ ಅಲಗು ಬಿಳಿ ಕುಪ್ಯದ ಹಿಂದೆ ಕ್ರೋಮ್ ಹೊಳಪಿಗಿಂತ ಎಷ್ಟೋ ಚೆಂದ ಬರುತ್ತದೆ ಅಂತ ನನ್ನ ಹೆಸರು ಹೇಳಿ ಹೇಳಿ.

ಸುಳ್ಯದಾಚೆ
ಇನ್ನೂ ಹಳೆಯದು ನೋಡುವ ಆಸೆ ಇದ್ದರೆ ಮಡಿಕೇರಿ ಕೋಟೆಯೊಳಗೆ ಹಳೇ ಚರ್ಚ್ ಕಟ್ಟಡದಲ್ಲಿ ಸರ್ಕಾರಿ ಮ್ಯೂಸಿಯಂ ಉಂಟು, ಅಲ್ಲಿ ಆಯುಧಗಳನ್ನು ಇಟ್ಟಿದ್ದಾರೆ. ಕೋಟೆಗೆ ಹೋದಾಗ ಅಪ್ಪಯ್ಯ ಗೌಡರನ್ನೂ ನೆನೆಯಿರಿ.

ಕಿಗ್ಗಟ್ಟುನಾಡು
ಎಲ್ಲರಿಗೂ ದೊಡ್ಡ ನಮಸ್ಕಾರ. ಮನೆಯಲ್ಲಿ ಇಡೀ ಚರ್ಚೆಯನ್ನು ಗಟ್ಟಿಯಾಗಿ ಓದಿದೆ. ಅಲ್ಲಾಡಿಸಿ ನೋಡಿದ್ದಾಯಿತು, ಹಿಡಿ ಸ್ವಲ್ಪ ಆಡುತ್ತದೆ, ಹಾಗಾಗಿ ಮೊದಲು ಅರಗು ಬಿಚ್ಚಿ ಕೂರಿಸುವ ಕೆಲಸ. ಗೋಡೆಯ ಪ್ರಸ್ತಾಪ ಬಿದ್ದುಹೋಯಿತು. ಅಕ್ಕಂದಿರು ಒಂದು ಷರತ್ತು ಹಾಕಿದ್ದಾರೆ: ಮದುಮಗನ ಬೆನ್ನಿಗೆ ಹೊಸದು, ಬಾಳೆಗೆ ಹಳೆಯದು. ದೊಡ್ಡಪ್ಪ ಪೀಚೆಕತ್ತಿಯ ಕಾಗದ ಹುಡುಕುತ್ತಿದ್ದಾರೆ, ಮುಖ ಸ್ವಲ್ಪ ಬಾಡಿದೆ. ಅಟ್ಟದಲ್ಲಿ ತೊಡಂಗ್ ಸಿಗಲಿಲ್ಲ. ಹೊಸ ತೊಡಂಗನ್ನು ಹಳೇ ಕತ್ತಿಗೆ ಹೊಂದಿಸಬಹುದಾ?

ಕುಲುಮೆ
ಹೊಂದಿಸಬಹುದು. ಅಂಗಡಿಯ ತೊಡಂಗ್ ತೆಳ್ಳನೆಯ ಅಲಗಿಗೆ ಮಾಡಿದ್ದು, ನಿಮ್ಮ ಬೆನ್ನು ದಪ್ಪ. ಬಲವಂತ ಮಾಡಿದರೆ ಹಿತ್ತಾಳೆ ಸೀಳುತ್ತದೆ. ಅಲಗನ್ನು ಕಾಗದದ ಮೇಲೆ ಇಟ್ಟು ಪೆನ್ಸಿಲ್‌ನಲ್ಲಿ ಗೀಟು ಎಳೆದುಕೊಳ್ಳಿ, ಹಿಡಿಯಿಂದ ನಾಲ್ಕು ಬೆರಳು ಮೇಲೆ ಬೆನ್ನಿನ ದಪ್ಪ ಎಷ್ಟು ಅಂತ ಅಳೆದು ಬರೆಯಿರಿ. ಹಿತ್ತಾಳೆ ಎರಕದವರಿಗೆ ಅಷ್ಟು ಸಾಕು. ಮದುವೆಗೆ ತಿಂಗಳಿದೆ ಅಂದಿರಲ್ಲ, ಈ ವಾರವೇ ಕೊಡಿ. ಎರಕದವರ ‘ನಾಳೆ’ ಗೊತ್ತಲ್ಲ.